ಮನೆಗೊಂದು ಬಾಯಿ

ಆ ಊರಿನಲ್ಲಿ ದಾರ ಕಟ್ಟದ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಿಸಿಯೂ ಕೇಳಿಸದ ಹಾಗೆ ಇರುತ್ತಿದ್ದರು ಎಂದುಕೊಳ್ಳಬೇಡಿ. ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಅಂಗಡಿಯ ಮುಂದೆ ನಿಂತು ಉಪ್ಪು ಉಪ್ಪು ಎಂದು ಗಂಟಲು ಹರಿದುಕೊಂಡರೂ ಅಂಗಡಿಯವನು ನೊಣ ಓಡಿಸುತ್ತ ಕೂತಿರುತ್ತಿದ್ದ. ಉಪ್ಪಿಗೆ ಆ ಊರಿನವರು ಏನನ್ನುತ್ತಾರೋ ಅದನ್ನು ನೀವು ಶಾಲೆಯಲ್ಲಿ ಕಲಿತಿರಬೇಕು. ಕಲಿತ ಮೇಲೆ ಮೇಡಂ ನಿಮ್ಮ ಎಡಗೈಗೆ ಒಂದು ದಾರ ಕಟ್ಟಿರಬೇಕು. ಒಂದು ಮಾತಿಗೆ ಒಂದು ದಾರ. ಆ ದಾರದ ಕೈಯನ್ನು ಮುಂದೆ ಚಾಚಿ ಮಾತಾಡಿದರೆ ಮಾತ್ರ ಅಂಗಡಿಯವನು ತಲೆಯೆತ್ತಿ, ಎಷ್ಟು ಬೇಕು ಎಂದು ಕೇಳುತ್ತಿದ್ದ.

ನಾವು ನದಿಯ ಆಚೆಯಿಂದ ಬಂದವರು. ಅವ್ವ, ನಾನು, ತಂಗಿ. ಬಂದಾಗ ನನಗೆ ಹತ್ತು ವರ್ಷ, ತಂಗಿಗೆ ಐದು. ನಮ್ಮ ಬಾಯಿ ತುಂಬ ಮಾತಿತ್ತು, ಕೈಯಲ್ಲಿ ಒಂದು ದಾರವೂ ಇರಲಿಲ್ಲ.

ದೊಡ್ಡವರಿಗೆ ಆ ಊರಿನಲ್ಲಿ ದಾರ ಕಟ್ಟುತ್ತಿರಲಿಲ್ಲ. ಬಲಿತ ಕೈಗೆ ಗಂಟು ನಿಲ್ಲುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ಹೊರಗಿನಿಂದ ಬಂದ ಪ್ರತಿ ಮನೆಗೂ ಒಂದು ಮಗುವನ್ನು ಬಾಯಿ ಎಂದು ನೇಮಿಸುತ್ತಿದ್ದರು. ಮನೆಗೊಂದೇ ಬಾಯಿ. ಯಾವ ಮಗುವಿನ ಕೈಯಲ್ಲಿ ದಾರ ಹೆಚ್ಚೋ ಆ ಮಗುವೇ ಬಾಯಿ. ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ, ಊರಬಾಗಿಲಲ್ಲಿ ಆ ಮನೆಯ ಪರವಾಗಿ ಅದು ಆಡಿದ್ದು ಮಾತ್ರ ಕೇಳಿಸುತ್ತಿತ್ತು. ಬಾಯಿಯಾದವರು ದೊಡ್ಡವರು ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಬೇಕು. ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದರೆ ಹತ್ತು ದಾರ ಕತ್ತರಿಸುತ್ತಿದ್ದರು.

ಮೊದಲ ವರ್ಷ ನಾನೇ ನಮ್ಮ ಮನೆಯ ಬಾಯಿ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ ನಮ್ಮ ಮನೆ ಬದುಕಿದ್ದು ನನ್ನಿಂದ. ಅವ್ವನಿಗೆ ಆ ಊರಿನ ಬೀದಿಗಳೆಂದರೆ ಭಯ. ನಡೆಯುವಾಗ ನನ್ನ ಎಡಗೈಯನ್ನು, ದಾರ ಕಟ್ಟಿದ ಕೈಯನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಅವಳ ಅಂಗೈ ಒರಟು, ಬೆವರಿಗೆ ಒದ್ದೆ. ತಂಗಿ ಹಿಂದೆ ಸೆರಗು ಹಿಡಿದು ಬರುತ್ತಿದ್ದಳು. ರೊಟ್ಟಿ ಬೆಂದರೆ ಮೊದಲನೆಯದು ನನಗೆ. "ಮಾತಾಡಿ ಮಾತಾಡಿ ದಣಿದೈತೆ ನನ್ನ ಮಗಳು" ಎಂದು ಅವ್ವ ಬಿಸಿ ರೊಟ್ಟಿಯನ್ನು ನನ್ನ ಮುಂದೆ ಹಾಕುತ್ತಿದ್ದಳು. ಸತ್ಯ ಹೇಳಬೇಕೆಂದರೆ ನನಗೆ ದಣಿವೇನೂ ಆಗುತ್ತಿರಲಿಲ್ಲ. ಇಡೀ ದಿನಕ್ಕೆ ನಾನು ಆಡುತ್ತಿದ್ದದ್ದು ಏಳೆಂಟು ಮಾತು.

ಯಾಕೆಂದರೆ ನನಗೆ ಕಲಿಯುವುದು ಕಷ್ಟ. ಹೊಸ ಮಾತಿಗೆ ಜಾಗ ಕೊಡಲು ಹಳೆಯ ಮಾತು ಒಪ್ಪುತ್ತಿರಲಿಲ್ಲ. ಮೇಡಂ ನನ್ನ ಗಲ್ಲ ಹಿಡಿದು, ನಾಲಿಗೆಯನ್ನು ಹಲ್ಲಿಗೆ ಒತ್ತು, ಜೇನುಹುಳ ಹಾರಿದ ಹಾಗೆ ಝ ಎನ್ನು ಎಂದರೆ ನನಗೆ ಬರುತ್ತಿದ್ದದ್ದು ಜ. ಮಕ್ಕಳೆಲ್ಲ ನಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಜ ಎನ್ನುತ್ತಿದ್ದೆ. ಹಾಗೂ ಹೀಗೂ ವರ್ಷ ಮುಗಿಯುವಾಗ ನನ್ನ ಕೈಗೆ ಮೂವತ್ತೊಂದು ದಾರ ಬಿದ್ದಿದ್ದವು. ರಾತ್ರಿ ಮಲಗಿದಾಗ ಅವನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದೆ. ಒಂದೊಂದಕ್ಕೂ ಒಂದೊಂದು ದಿನದ ಅವಮಾನ ತೆತ್ತಿದ್ದೆ.

ಎರಡನೆಯ ವರ್ಷ ತಂಗಿಯನ್ನು ಶಾಲೆಗೆ ಸೇರಿಸಿದರು.

ಅವಳು ಕಲಿಯಲಿಲ್ಲ, ನೀರು ಕುಡಿದಳು. ಮೊದಲ ದಿನವೇ ಮೂರು ದಾರ. ಎರಡನೆಯ ದಿನ ಐದು. ಮೇಡಂ ಝ ಎಂದರೆ ಅವಳು ಝ ಎಂದಳು, ಅಷ್ಟೇ. ಗಲ್ಲ ಹಿಡಿಯಬೇಕಾಗಲಿಲ್ಲ. ಮಳೆಗೆ ಒಂದು ಮಾತು, ಜಿನುಗು ಮಳೆಗೆ ಇನ್ನೊಂದು, ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಮಳೆಗೆ ಮತ್ತೊಂದು. ಎಲ್ಲಕ್ಕೂ ಅವಳ ಕೈಯಲ್ಲಿ ದಾರ. ದಾರ ಮಣಿಕಟ್ಟು ದಾಟಿ ಮೊಣಕೈಯ ಕಡೆ ಹತ್ತತೊಡಗಿತು. ನಾನು ಎದುರಿಗೆ ಕೂತು ನೋಡಿದೆ. ನನ್ನ ಕೈಗೆ ಮಾತ್ರ ಆ ಮೂವತ್ತೊಂದರ ಮೇಲೆ ಒಂದೂ ಬೀಳಲಿಲ್ಲ.

ಪ್ರತಿ ಹುಣ್ಣಿಮೆಯ ದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಕೈಯೆತ್ತುವ ವಿಧಿ. ಒಂದು ಮನೆಯ ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸುತ್ತಿದ್ದರು. ಎಡಗೈ ಮೇಲೆ. ಮೇಡಂ ನಡೆದು ಬರುತ್ತಿದ್ದರು. ತಂದೆತಾಯಿಗಳು ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಮೊದಲ ಹುಣ್ಣಿಮೆಗೆ ನನ್ನ ಕೈಯಲ್ಲೇ ಹೆಚ್ಚು. ಎರಡನೆಯ ಹುಣ್ಣಿಮೆಗೆ ಸರಿಸಮ. ಮೂರನೆಯ ಹುಣ್ಣಿಮೆಗೆ ಮೇಡಂ ನನ್ನ ಕೈಯನ್ನು ಮೆಲ್ಲನೆ ಕೆಳಗಿಳಿಸಿದರು. ತಂಗಿಯ ಕೈಯನ್ನು ಮೇಲೆತ್ತಿ ಹಿಡಿದು, "ಈ ಮನೆಗೆ ಇಂದಿನಿಂದ ಇವಳು ಬಾಯಿ" ಎಂದರು.

ಬೇಲಿಯ ಆಚೆ ಅವ್ವ ನಗುತ್ತಿದ್ದಳು. ಅವಳಿಗೆ ಮಾತು ಅರ್ಥವಾಗಿರಲಿಲ್ಲ, ಕೈ ಮೇಲೆ ಹೋದದ್ದು ಕಂಡಿತ್ತು. ಮನೆಗೆ ಹೋಗುವಾಗ ಅವ್ವ ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಹಿಂದೆ ಬಂದೆ. ಸೆರಗು ಹಿಡಿಯುವ ವಯಸ್ಸು ನನ್ನದಲ್ಲ, ಹಾಗಾಗಿ ಏನನ್ನೂ ಹಿಡಿಯದೆ ಬಂದೆ. ಮೊದಲ ರೊಟ್ಟಿ ತಂಗಿಯ ಮುಂದೆ ಬಿತ್ತು. "ನಿಂಗೂ ಕೊಡ್ತೀನಿ ತಾಳೇ, ಬೇಯ್ತಾ ಐತೆ" ಎಂದಳು ಅವ್ವ ನನಗೆ. ರೊಟ್ಟಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕು? ಆ ಹೊತ್ತಿನಲ್ಲಿ ನಾನು ಬೆಂದು ಸೀದು ಹೋದೆ.

ತಂಗಿಗೆ ಇದೊಂದೂ ತಿಳಿಯದು. ಅವಳಿಗೆ ಆರು ವರ್ಷ. ಹೊಸ ದಾರ ಕಟ್ಟಿಸಿಕೊಂಡ ದಿನ ಓಡಿ ಬಂದು ಮೊದಲು ನನಗೇ ತೋರಿಸುತ್ತಿದ್ದಳು. ಅದು ನನಗೆ ಇನ್ನೂ ಉರಿ. ಒಂದು ವಿಷಯ ಮಾತ್ರ ನನ್ನ ಗಮನಕ್ಕೆ ಬಂದಿತ್ತು. ಅವಳ ಕೈಗೆ ದಾರ ಹತ್ತಿದ ಹಾಗೆಲ್ಲ ನಮ್ಮ ಮಾತು ಅವಳಿಂದ ಜಾರುತ್ತಿತ್ತು. ಬೆರಣಿ ಎಂದರೇನು ಎಂದು ಕೇಳಿದಳು. ಇನ್ನೊಂದು ದಿನ ಅವ್ವ ನಿಟ್ಟುಸಿರು ಬಿಟ್ಟು ಏನೋ ಹೇಳಿದಾಗ, ಅದರಲ್ಲಿ ಅರ್ಧ ಅರ್ಥವಾಗದೆ ನನ್ನ ಮುಖ ನೋಡಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಅವ್ವನ ಮಾತಿಗೆ ಇನ್ನೂ ನಾನೇ ಗತಿ ಎನ್ನಿಸಿತು.

ಈಗ ಊರಬಾಗಿಲಿನ ವಿಷಯ ಹೇಳಬೇಕು.

ಅವ್ವನ ಕೆಲಸ ಊರಿನ ಹೊರಗೆ, ನದಿಯ ದಡದ ಕಲ್ಲುಗಳ ಮೇಲೆ ಉಣ್ಣೆ ತೊಳೆಯುವುದು. ದಿನಾ ಬೆಳಿಗ್ಗೆ ಊರಬಾಗಿಲು ದಾಟಬೇಕು, ಸಂಜೆ ಮರಳಬೇಕು. ದಾಟುವವರು ಬಾಗಿಲ ಕಾವಲುಗಾರನಿಗೆ ಯಾವ ರೀತಿ ಹೋಗುತ್ತಿದ್ದೇವೆಂದು ಹೇಳಿ ಹೋಗಬೇಕು. ಆ ಊರಿನ ಭಾಷೆಯಲ್ಲಿ ಹೋಗುವುದಕ್ಕೆ ಎರಡು ಮಾತು. ಹೋಗಿ ಮರಳುವವರು ಝೂಮೆ ಎನ್ನಬೇಕು. ಹೋಗಿಯೇ ಬಿಡುವವರು ಝೂನೆ ಎನ್ನಬೇಕು. ಝೂಮೆ ಎಂದವರಿಗೆ ಸಂಜೆ ಬಾಗಿಲು ತೆರೆಯುತ್ತಿತ್ತು. ಝೂನೆ ಎಂದವರು ಆಮೇಲೆ ಹೊರಗೆ ನಿಂತು ಎಷ್ಟು ಬಡಿದರೂ ಕಾವಲುಗಾರನಿಗೆ ಕೇಳಿಸುತ್ತಿರಲಿಲ್ಲ. ನಾನು ಇದನ್ನು ನನ್ನದೇ ರೀತಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಮೆ ಅಂದರೆ ಮರಳುವುದು, ನೆ ಅಂದರೆ ಬರೀ ನೆನಪು. ಇಡೀ ವರ್ಷ ದಿನವೂ ಬೆಳಿಗ್ಗೆ, ತಂಗಿ ಇನ್ನೂ ಮಲಗಿರುವಾಗಲೇ, ಅವ್ವನ ಪರವಾಗಿ ಜೂಮೆ ಎಂದಿದ್ದೆ. ಜ ಕೇಳಿ ಕಾವಲುಗಾರ ಹುಳಿ ತಿಂದವನ ಹಾಗೆ ಮುಖ ಮಾಡುತ್ತಿದ್ದ, ಆದರೂ ತಲೆಯಾಡಿಸಿ ಬಿಡುತ್ತಿದ್ದ.

ಅವ್ವ ಮಾತ್ರ ದಿನವೂ ಹೇಳುತ್ತಿದ್ದದ್ದು ಒಂದೇ. "ಬತ್ತೀನಿ."

ನಮ್ಮ ಜನ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಹಾಗೆಂದರೆ ಕೆಟ್ಟದ್ದು. ಹೊಸಿಲು ದಾಟುವ ಮುಂಚೆ ಬರುತ್ತೇನೆ ಎನ್ನುತ್ತೇವೆ, ಹೇಳಿ ಹೋಗುತ್ತೇವೆ. ಆ ಊರಿನವರ ಕಿವಿಗೆ ಇದು ಹುಚ್ಚು. ಕಾಲು ಹೊರಗೆ, ಮಾತು ಒಳಗೆ ಎಂದರೆ ಹೇಗೆ?

ತಂಗಿ ಬಾಯಿಯಾದ ದಿನ ಸಂಜೆ ನನ್ನ ಹತ್ತಿರ ಬಂದು ಕೂತಳು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮೊದಲ ಸಲ ಮಾತಾಡಬೇಕಾದವಳು ಅವಳು.

"ಅಕ್ಕಾ, ಅವ್ವ ಹೋಗ್ವಾಗ ಬತ್ತೀನಿ ಅಂತಾಳಲ್ಲ, ಅದು ಹೋಗೋದಾ ಬರೋದಾ?"

"ಹೋಗೋದು."

"ಯಾವ ಹೋಗೋದು? ಝೂಮೆನಾ ಝೂನೆನಾ?"

ಅವಳ ಬಾಯಲ್ಲಿ ಝ ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಕಿವಿ ಸುಟ್ಟಿತು. ಒಲೆಯ ಹತ್ತಿರ ಅವ್ವ ಬೆನ್ನು ತಿರುಗಿಸಿ ರೊಟ್ಟಿ ತಟ್ಟುತ್ತಿದ್ದಳು.

"ಜೂನೆ," ಎಂದೆ.

"ಸಂಜೆ ಬತ್ತಾಳಲ್ಲ ಮತ್ತೆ?"

"ಸಂಜೆದು ಸಂಜೆಗೆ. ಬೆಳಿಗ್ಗೆ ಹೋಗೋದು ಹೋಗೋದೇ. ನಿಂಗೆ ಗೊತ್ತಾಗಲ್ಲ ಅಂದ್ರೆ ಹೇಳು, ಮೇಡಂಗೆ ಹೇಳಿ ನಾನೇ ಬಾಯಿ ಆಗ್ತೀನಿ."

ಅವಳು ಬೆಚ್ಚಿದಳು. "ಗೊತ್ತಾಯ್ತು, ಗೊತ್ತಾಯ್ತು. ಝೂನೆ, ಝೂನೆ" ಎಂದು ಹೇಳಿಕೊಳ್ಳುತ್ತ ಎದ್ದು ಹೋದಳು.

ನಾನು ಏನು ಯೋಚಿಸಿದ್ದೆ? ಅದನ್ನೂ ಹೇಳಿಬಿಡುತ್ತೇನೆ. ಝೂನೆ ಎಂದವರನ್ನು ಕಾವಲುಗಾರ ಮೂರು ಸಲ ಕೇಳಬೇಕು, ಅದು ನಿಯಮ. ಮೂರನೆಯ ಸಲ ಕೇಳಿದಾಗ ನಾನು ಮುಂದೆ ನುಗ್ಗುತ್ತೇನೆ. ಇದು ತಪ್ಪು, ಇವಳಿಗೆ ಅವ್ವನ ಮಾತು ಬರುವುದಿಲ್ಲ ಎಂದು ಕೂಗುತ್ತೇನೆ. ಮನೆಯ ಬಾಯಿಯ ಮೇಲೆ ದೂರು ಹೇಳುವುದಕ್ಕೆ ಯಾವ ಮಗುವಿಗೂ ಅಲ್ಲಿ ಅವಕಾಶವಿತ್ತು. ಅವಳ ದಾರ ಕತ್ತರಿಸುತ್ತಾರೆ. ಅವ್ವ ಹೆದರಿ ನನ್ನ ಕೈ ಹಿಡಿಯುತ್ತಾಳೆ. ಇಷ್ಟೇ ನನ್ನ ಲೆಕ್ಕ. ನನಗೆ ಬೇಕಿದ್ದದ್ದು ಆ ಎರಡು ಒದ್ದೆ ಅಂಗೈ ಮಾತ್ರ.

ಬೆಳಿಗ್ಗೆ ಬಾಗಿಲಿಗೆ ಹೋದೆವು. ತಂಗಿ ದಾರದ ಕೈಯನ್ನು ಮುಂದೆ ಚಾಚಿ ನಿಂತಳು. ಕಾವಲುಗಾರ ಅವ್ವನ ಕಡೆ ನೋಡಿದ.

"ಬತ್ತೀನಿ ಕಣಪ್ಪಾ," ಎಂದಳು ಅವ್ವ.

"ಝೂನೆ," ಎಂದಳು ತಂಗಿ.

ಕಾವಲುಗಾರ ಬೆರಗಾದ. ಒಳ್ಳೆಯವನೇ ಅವನು. ಬಗ್ಗಿ ಕೇಳಿದ. "ಝೂನೆಯೇ?"

"ಝೂನೆ."

ಮೂರನೆಯ ಸಲ ಕೇಳಿದ. ನಾನು ಹೆಜ್ಜೆ ಎತ್ತಿದೆ, ಬಾಯಿಯನ್ನೂ ತೆರೆದೆ. ಆಗಲೇ ಅವ್ವ ತಂಗಿಯ ತಲೆಯ ಮೇಲೆ ಕೈಯಿಟ್ಟಳು. ಮಗಳು ಇಷ್ಟು ಚೆನ್ನಾಗಿ, ತಡವರಿಸದೆ, ಊರಿನವರ ಹಾಗೇ ಮಾತಾಡುತ್ತಿದ್ದಾಳಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂದಿತ್ತು. ಒಂದು ವರ್ಷ ನಾನು ಅದೇ ಜಾಗದಲ್ಲಿ ನಿಂತು ಜೂಮೆ ಎಂದಾಗ ಒಂದು ದಿನವೂ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡೆ.

"ಝೂನೆ," ಎಂದಳು ತಂಗಿ, ಮೂರನೆಯ ಸಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಕಾವಲುಗಾರ ಪಕ್ಕಕ್ಕೆ ಸರಿದ. ಅವ್ವ ನಮ್ಮಿಬ್ಬರ ಕಡೆ ತಿರುಗಿ ನಕ್ಕು, ಸೆರಗು ಸಿಕ್ಕಿಸಿಕೊಂಡು ಹೋದಳು.

ಆ ದಿನ ಶಾಲೆಯಲ್ಲಿ ಏನು ಪಾಠ ನಡೆಯಿತೋ ನನಗೆ ಗೊತ್ತಿಲ್ಲ. ತಂಗಿಗೆ ಮತ್ತೆರಡು ದಾರ ಬಿದ್ದವು.

ಸಂಜೆ ಅವ್ವ ಮನೆಗೆ ಬರಲಿಲ್ಲ. ನಾವಿಬ್ಬರೂ ಊರಬಾಗಿಲಿಗೆ ಓಡಿದೆವು. ಬಾಗಿಲಲ್ಲಿ ಒಂದು ಸಣ್ಣ ಕಿಂಡಿಯಿತ್ತು. ಅದರಲ್ಲಿ ನೋಡಿದರೆ ಆಚೆ ಅವ್ವ, ಉಣ್ಣೆಯ ನೀರಲ್ಲಿ ನೆಂದು ಬೆಳ್ಳಗಾದ ಕೈಗಳಿಂದ ಬಾಗಿಲು ಬಡಿಯುತ್ತಿದ್ದಳು. "ಬಂದೆ ಕಣಪ್ಪಾ, ತೆಗಿ. ನಾನು, ಬೆಳಿಗ್ಗೆ ಹೋದೋಳು." ಕಾವಲುಗಾರ ಬಾಗಿಲಿಗೆ ಒರಗಿ ನೆಮ್ಮದಿಯಾಗಿ ನಿಂತಿದ್ದ.

ತಂಗಿ ಅವನ ಅಂಗಿ ಜಗ್ಗಿ ಊರಿನ ಮಾತಿನಲ್ಲಿ ಹೇಳಿದಳು, ಹೊರಗೆ ನಮ್ಮವ್ವ ಇದ್ದಾಳೆ ಎಂದು.

"ನಿಮ್ಮ ತಾಯಿ ಝೂನೆ, ಮಗು," ಎಂದ ಅವನು ಬೇಸರದಿಂದ. "ನೀನೇ ಮೂರು ಬಾರಿ ಹೇಳಿದೆ. ಇನ್ನು ಅವರಿಗೆ ಈ ಬಾಗಿಲಿಲ್ಲ."

"ನಾನು ಆಚೆ ಹೋಗಬಹುದೇ?"

"ಕೈಯಲ್ಲಿ ಒಂದು ದಾರ ಇರುವವರೆಗೂ ನೀನು ಈ ಊರಿನ ಮಗು. ಜೊತೆಗೆ ದೊಡ್ಡವರಿಲ್ಲದೆ ಊರಿನ ಮಕ್ಕಳಿಗೆ ಬಾಗಿಲು ತೆರೆಯುವುದಿಲ್ಲ. ಒಂದೂ ದಾರವಿಲ್ಲದವರನ್ನು ಹೊರಗೆ ಬಿಡುತ್ತೇನೆ. ಅವರು ಮತ್ತೆ ಒಳಗೆ ಬರುವಂತಿಲ್ಲ."

ತಂಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ಝೂನೆ ಅಲ್ವಾ?"

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ಯುವುದಕ್ಕೆ ಹೊಳೆದಿರಲಿಕ್ಕೂ ಇಲ್ಲ. ಅಲ್ಲೇ ಮಣ್ಣಿನಲ್ಲಿ ಕೂತು, ಎಡಗೈಯನ್ನು ಬಾಯಿಗೆ ತಂದು, ಹಾಲುಹಲ್ಲಿನಿಂದ ದಾರ ಕಚ್ಚಿ ಕಿತ್ತಳು. ಒಂದು ಕಿತ್ತಳು. ಇನ್ನೊಂದು ಕಿತ್ತಳು. ಜಿನುಗು ಮಳೆ ಹೋಯಿತು. ಸೂರಿನಿಂದ ತೊಟ್ಟಿಕ್ಕುವ ಮಳೆ ಹೋಯಿತು. ಉಪ್ಪು ಹೋಯಿತು, ಬಾವಿ ಹೋಯಿತು. ನಡುವೆ ಕಾವಲುಗಾರ ಅವಳಿಗೆ ಏನೋ ಬುದ್ಧಿ ಹೇಳಿದ. ಅಷ್ಟು ಹೊತ್ತಿಗೆ ಅವಳಿಗೆ ಅವನ ಮಾತು ಅರ್ಥವಾಗುತ್ತಿರಲಿಲ್ಲ. ಅವಳ ಸುತ್ತ ದಾರದ ಚೂರುಗಳು ಬಿದ್ದಿದ್ದವು. ಕೊನೆಯದನ್ನು ಕಿತ್ತು, ಬರಿಗೈ ಎತ್ತಿ, "ಅವ್ವಾ" ಎಂದು ಕಿರುಚಿದಳು.

ಬಾಗಿಲು ಒಂದು ಗೇಣು ತೆರೆಯಿತು.

ಹೋಗುವ ಮುಂಚೆ ನನ್ನ ಕಡೆ ಕೈ ಚಾಚಿದಳು. "ಬಾರೇ ಅಕ್ಕಾ, ಬೇಗ ಕಿತ್ಕೋ."

ನಾನೂ ಕೈಯನ್ನು ಬಾಯಿಗೆ ತಂದೆ. ದಾರ ಹಲ್ಲಿಗೆ ಸಿಕ್ಕಿತು. ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದು ಅವ್ವ ಅಲ್ಲ, ತಂಗಿ ಅಲ್ಲ. ಈಗ ನನ್ನ ಕೈಯಲ್ಲೇ ಹೆಚ್ಚು ಎಂಬುದು. ಹೌದು, ಅದೇ ಬಂತು. ಹಲ್ಲು ಸಡಿಲಾಯಿತು. ಬಾಗಿಲು ಯಾರಿಗಾಗಿಯೂ ಕಾಯುವುದಿಲ್ಲ, ಮುಚ್ಚಿಕೊಂಡಿತು. ಕಿಂಡಿಯಲ್ಲಿ ನೋಡಿದೆ. ಅವ್ವ ತಂಗಿಯನ್ನು ಎತ್ತಿಕೊಂಡಿದ್ದಳು. ಎರಡೂ ಕೈ ಅವಳ ಬೆನ್ನ ಮೇಲಿದ್ದವು. ನಾನು ಹೋಗಿದ್ದರೂ ನನಗೆ ಕೈ ಉಳಿದಿರುತ್ತಿರಲಿಲ್ಲ ಎಂದುಕೊಂಡೆ.

ಮರುದಿನ ಮೇಡಂ ಇನ್ನೊಂದು ಹುಣ್ಣಿಮೆಗೆ ಕಾಯದೆ ನನ್ನ ಕೈಯನ್ನು ಎತ್ತಿ ಹಿಡಿದು, ಈ ಮನೆಗೆ ಇವಳು ಬಾಯಿ ಎಂದರು. ಬೇಲಿಯ ಆಚೆ ನಮ್ಮವರು ಯಾರೂ ಇರಲಿಲ್ಲ. ನಾನು ಮನೆಗೆ ಬಂದು ಒಬ್ಬಳೇ ರೊಟ್ಟಿ ಬೇಯಿಸಿ ಮೊದಲನೆಯದನ್ನೂ ಕೊನೆಯದನ್ನೂ ನಾನೇ ತಿಂದೆ.

ಆ ಸಂಜೆ ಬಾಗಿಲಿಗೆ ಹೋದಾಗ ಅವ್ವನ ದನಿ ಕೇಳಿಸಿತು.

"ದೊಡ್ಡೋಳೇ. ಬಾರೇ ದೊಡ್ಡೋಳೇ."

ನನ್ನನ್ನು. ಬರೀ ನನ್ನನ್ನು. ತಂಗಿ ಅವಳ ಮಗ್ಗುಲಲ್ಲೇ ಕೂತಿದ್ದಳು, ಆದರೂ ಅವ್ವನ ಮುಖ ಕಿಂಡಿಯ ಕಡೆ, ಬಾಯಲ್ಲಿ ನನ್ನ ಕರೆ. ತಂಗಿ ಹುಟ್ಟಿದ ಮೇಲೆ ಅವ್ವ ನನ್ನೊಬ್ಬಳನ್ನೇ ಅಷ್ಟು ಹೊತ್ತು ಕರೆದದ್ದು ನನಗೆ ನೆನಪಿಲ್ಲ. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಓಗೊಡಲಿಲ್ಲ. ಓಗೊಟ್ಟರೆ ಕರೆ ನಿಲ್ಲುತ್ತದೆ. ದಾರ ಕಿತ್ತು ಆಚೆ ಹೋದರೆ ಮತ್ತೆ ನಾವು ಇಬ್ಬರಾಗುತ್ತೇವೆ, ಮತ್ತೆ ಅವಳು ಚಿಕ್ಕವಳು, ಮತ್ತೆ ನಾನು ಹಿಂದೆ. ಇನ್ನೊಂದು ದಿನ ಕೇಳಿ ಆಮೇಲೆ ಹೋಗೋಣ ಎಂದುಕೊಂಡೆ.

ಎರಡನೆಯ ಸಂಜೆಯೂ ಹಾಗೇ ಎಂದುಕೊಂಡೆ. ಮೂರನೆಯ ಸಂಜೆಯೂ. ಕಾವಲುಗಾರನಿಗೆ ಆ ಕರೆ ಕೇಳಿಸುತ್ತಿರಲಿಲ್ಲ. ಇಡೀ ಊರಿನಲ್ಲಿ ಅದು ಕೇಳಿಸುತ್ತಿದ್ದದ್ದು ನನಗೊಬ್ಬಳಿಗೇ. ಅಷ್ಟು ಪೂರ್ತಿಯಾಗಿ ನನ್ನದಾದದ್ದು ಅದಕ್ಕೆ ಮೊದಲು ಏನೂ ಇರಲಿಲ್ಲ. ಆರು ಸಂಜೆ ನಾನು ಆ ಕರೆಯನ್ನು ಕೇಳಿದೆ. ಹೊಟ್ಟೆ ತುಂಬಿದ ಹಾಗಾಗಿ ಮನೆಗೆ ಬಂದು ಮಲಗುತ್ತಿದ್ದೆ.

ಏಳನೆಯ ಸಂಜೆ ಕರೆ ಬರಲಿಲ್ಲ.

ಕಿಂಡಿಯಲ್ಲಿ ನೋಡಿದೆ. ದಡ ಬರಿದಾಗಿತ್ತು. ಆಗ ಕಿತ್ತೆ, ಮೂವತ್ತೊಂದನ್ನೂ ಕಿತ್ತೆ. ಒಂದು ವರ್ಷ ಹಿಡಿದಿದ್ದ ಕೆಲಸ, ಕೀಳುವುದಕ್ಕೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ಬಾಗಿಲು ಒಂದು ಗೇಣು ತೆರೆಯಿತು. ನಾನು ಆಚೆ ಓಡಿದೆ.

ಉಣ್ಣೆ ತೊಳೆಯುವ ಕಲ್ಲಿನ ಮೇಲೆ ನಮ್ಮ ಕಡೆಯ ಮುದುಕಿಯೊಬ್ಬಳು ಕಾಲು ನೀರಿಗೆ ಬಿಟ್ಟು ಕೂತಿದ್ದಳು. ನನ್ನ ಬರಿಗೈ ನೋಡಿದಳು, ಮುಖ ನೋಡಿದಳು.

"ನೀನೇನಾ ದೊಡ್ಡೋಳು?"

ತಲೆಯಾಡಿಸಿದೆ.

"ಆರು ದಿನ ಕಾದ್ಲು ಕಣವ್ವ ನಿಮ್ಮವ್ವ. ಕಿಂಡೀಲಿ ನಿನ್ನ ಕಣ್ಣು ಕಾಣ್ತಿತ್ತಂತೆ. ಇವತ್ತು ಬೆಳಿಗ್ಗೆ ಎದ್ದು ಸೆರಗು ಕೊಡವ್ಕೊಂಡ್ಲು. 'ಒಂದೊಂದ್ ಮಾತಿಗೂ ಎಷ್ಟು ಅತ್ತಿತ್ತು ನನ್ನ ದೊಡ್ಡದು, ಅದನ್ನೆಲ್ಲ ಕಿತ್ತಾಕು ಅನ್ನಕ್ಕೆ ನಾನ್ಯಾರು? ಕಲೀಲಿ ಬಿಡು' ಅಂದ್ಲು. ಚಿಕ್ಕೋಳಿಗೆ ಬಂದಂಗೆ ಬಂತು, ಹೋದಂಗೆ ಹೋಯ್ತು, ದೊಡ್ಡೋಳದು ಕಷ್ಟದ ದುಡಿಮೆ ಅಂತ ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ಲು."

ನಾನೂ ಕಲ್ಲಿನ ಮೇಲೆ ಕೂತೆ. "ತಂಗಿ?" ಎಂದೆ.

"ಅಯ್ಯೋ, ಅದಾ? ಮೂತಿ ಊದಿಸ್ಕೊಂಡೇ ಹೋಯ್ತು. ನಿಮ್ಮವ್ವ ಕೈ ಹಿಡ್ಕೋ ಬಾ ಅಂದ್ರೆ ಹಿಡೀಲಿಲ್ಲ. 'ನಾನು ಎಲ್ಲಾನೂ ಕಿತ್ತಾಕಿ ಬಂದೆ, ಆದ್ರೂ ಅವ್ವಂಗೆ ಅಕ್ಕನೇ ಹೆಚ್ಚು' ಅಂತ ಅಳ್ತಾ ಅಳ್ತಾ ಹಿಂದೆ ಹಿಂದೆ ಹೋಯ್ತು."

ಯಾವ ಕಡೆ ಹೋದರು ಎಂದು ಕೇಳಿದೆ. ದಡದ ತಿರುವು ದಾಟಿದ ಮೇಲೆ ಮುದುಕಿ ನೋಡಿರಲಿಲ್ಲ.